ಆಶಾ ಅಳೆದರೆ ಕೆಂಪು, ಅಂಗನವಾಡಿ ಟೀಚರ್ ಅಳೆದರೆ ಹಳದಿ: ಮಗುವನ್ನು ದಾಖಲು ಮಾಡಬೇಕೆ?

ಪ್ರಶ್ನೆ: ಮೇಡಂ, ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತೇನೆ. ಹೆಂಡತಿ ಮತ್ತು ಇಬ್ಬರು ಮಕ್ಕಳು ಊರಲ್ಲಿ ಅವ್ವನ ಹತ್ತಿರ ಇದ್ದಾರೆ. ದೊಡ್ಡವನಿಗೆ ನಾಲ್ಕು ವರ್ಷ, ಮಗಳಿಗೆ ಹತ್ತು ತಿಂಗಳು. ಮಗಳು ಹುಟ್ಟಿದಾಗ 2 ಕೆಜಿ 200 ಗ್ರಾಂ ಇದ್ದಳು. ಎಂಟನೇ ತಿಂಗಳಲ್ಲಿ 6 ಕೆಜಿ ಇದ್ದವಳು ಈಗ 6 ಕೆಜಿ 100 ಗ್ರಾಂ ಇದ್ದಾಳೆ. ಹೋದ ವಾರ ಆಶಾ ಕಾರ್ಯಕರ್ತೆ ಮನೆಗೆ ಬಂದು ತೋಳಿಗೆ ಟೇಪು ಸುತ್ತಿ, "11.2 ಐತಿ, ಕೆಂಪಿನಾಗ ಐತಿ, ಕೊಪ್ಪಳಕ್ಕ ಕರಕೊಂಡು ಹೋಗಿ ಹದಿನಾಲ್ಕು ದಿನ ಇಡಬೇಕು" ಅಂದಳಂತೆ. ಮೂರು ದಿನ ಬಿಟ್ಟು ಅಂಗನವಾಡಿ ಟೀಚರ್ ಅಳೆದರೆ 11.7, ಹಳದಿ. ಅವ್ವ "ನೀನೂ ಸಣ್ಣಾವಿದ್ದಾಗ ಹಿಂಗ ಇದ್ದಿ, ನಮ್ಮ ಮನೆತನನ ಹಂಗ, ನೆದರ (ದೃಷ್ಟಿ) ಆಗಿರಬೇಕು" ಅನ್ನುತ್ತಾಳೆ. ಓಣಿಯಲ್ಲಿ ಒಬ್ಬರು ಬರೆ ಹಾಕಿಸಿ ಅಂದಿದ್ದಾರೆ. ಇನ್ನೊಬ್ಬರು, ಆಶಾಗಳಿಗೆ ಒಂದು ಮಗು ಸೇರಿಸಿದರೆ ಇಷ್ಟು ಅಂತ ಕಮಿಷನ್ ಇದೆ, ಅವಳು ಹತ್ತನೇ ಕ್ಲಾಸ್ ಓದಿದವಳು, ಅವಳ ಮಾತು ಯಾಕೆ ಕೇಳ್ತೀರಿ ಅಂತಾರೆ. ಈಗ ಹತ್ತಿ ಬಿಡಿಸುವ ಸುಗ್ಗಿ. ಹೆಂಡತಿ ಎರಡು ವಾರ ಆಸ್ಪತ್ರೆಯಲ್ಲಿ ಕೂತರೆ ಕೂಲಿಯೂ ಹೋಗುತ್ತದೆ, ದೊಡ್ಡವನನ್ನು ನೋಡುವವರೂ ಇಲ್ಲ. ಯಾರ ಮಾತು ನಿಜ? ಮನೆಯಲ್ಲೇ ಸರಿಮಾಡಲು ಆಗುವುದಿಲ್ಲವೇ? ಇಲ್ಲವಾದರೆ ಎಲ್ಲರನ್ನೂ ಬೆಂಗಳೂರಿಗೆ ಕರೆಸಿಕೊಳ್ಳಲೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ 11.2 ಮತ್ತು 11.7ರ ಜಗಳವೇ ಕಣ್ಣಿಗೆ ಬಿತ್ತು. ಎರಡನೇ ಸಲ ಓದುವಾಗ, ನೀವು ಹಾಗೇ ಬರೆದುಕೊಂಡು ಹೋದ ಒಂದು ಸಾಲಿನಲ್ಲಿ ಕಣ್ಣು ನಿಂತಿತು. ಎಂಟನೇ ತಿಂಗಳಲ್ಲಿ 6 ಕೆಜಿ, ಹತ್ತನೇ ತಿಂಗಳಲ್ಲಿ 6 ಕೆಜಿ 100 ಗ್ರಾಂ. ನನಗೆ ಟೇಪಿನ ಎರಡೂ ಅಂಕಿಗಳಿಗಿಂತ ಈ ಸಾಲೇ ಹೆಚ್ಚು ಕಳವಳ ತಂದಿತು. ಅದಕ್ಕೆ ಆಮೇಲೆ ಬರುತ್ತೇನೆ. ಸದ್ಯ ನಿಮ್ಮ ಮನೆಯಲ್ಲಿ ನಡೆದಿರುವುದು ಟೇಪಿನ ಜಗಳ, ಅದನ್ನು ಮೊದಲು ಬಗೆಹರಿಸೋಣ.

ಇಬ್ಬರು ಹೆಣ್ಣುಮಕ್ಕಳೂ ಸುಳ್ಳು ಹೇಳಿಲ್ಲ. ಆ ಟೇಪಿನಲ್ಲಿ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಕೆಂಪು, 11.5ರಿಂದ 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಆರು ತಿಂಗಳಿಂದ ಐದು ವರ್ಷದವರೆಗೆ ಎಲ್ಲ ಮಕ್ಕಳಿಗೂ ಇದೇ ಗೆರೆ. ನಿಮ್ಮ ಮಗಳ ತೋಳು ಸರಿಯಾಗಿ ಆ ಗೆರೆಯ ಆಚೀಚೆ ಇದೆ. ಅಳೆಯುವ ಕೈ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಣ್ಣವೇ ಬದಲಾಗುತ್ತದೆ.

ಅಳೆಯುವುದು ನೋಡಲು ಸುಲಭ, ಮಾಡಲು ಅಷ್ಟು ಸುಲಭವಲ್ಲ. ಎಡತೋಳನ್ನೇ ಅಳೆಯಬೇಕು. ಮಗುವಿನ ಮೊಣಕೈ ಮಡಚಿ, ಭುಜದ ಮೂಳೆಯ ತುದಿಯಿಂದ ಮೊಣಕೈ ತುದಿಯವರೆಗಿನ ಸರಿ ನಡುವನ್ನು ಪೆನ್ನಿನಿಂದ ಗುರುತು ಮಾಡಬೇಕು. ಆಮೇಲೆ ಕೈ ಇಳಿಬಿಟ್ಟು, ಸಡಿಲವಾಗಿರುವಾಗ ಆ ಗುರುತಿನ ಮೇಲೆ ಟೇಪು ಸುತ್ತಬೇಕು. ಬಿಗಿ ಎಳೆದರೆ ಚರ್ಮ ನೆರಿಗೆ ಕಟ್ಟಿ ಅಂಕಿ ಇಳಿಯುತ್ತದೆ. ಸಡಿಲ ಬಿಟ್ಟರೆ ಟೇಪಿನ ಕೆಳಗೆ ಸಂದು ಬಿದ್ದು ಏರುತ್ತದೆ. ಚಳಿಗಾಲದಲ್ಲಿ ಸ್ವೆಟರಿನ ತೋಳನ್ನು ಮೇಲೆ ಸರಿಸಿ ಅಳೆದರೆ ಅಲ್ಲಿ ಬಟ್ಟೆ ಗಂಟುಗಟ್ಟಿ ಟೇಪು ಜಾರುತ್ತದೆ. ಮಗು ಅಳುತ್ತಾ ಕೈ ಬಿಗಿ ಹಿಡಿದರೆ ಲೆಕ್ಕ ಇನ್ನೊಂದು. ಒಮ್ಮೆ ತರಬೇತಿಯಲ್ಲಿ ಐದು ಜನ ಆಶಾಗಳಿಂದ ಒಂದೇ ಮಗುವನ್ನು ಅಳೆಸಿದ್ದೆ, ಐದು ಅಂಕಿ ಬಂದವು. ಕೊನೆಗೆ ನಾನು ಅಳೆದೆ, ಆರನೆಯದು ಬಂತು. ಎಲ್ಲರೂ ನಕ್ಕರು. ಆಮೇಲೆ ಗುರುತು ಹಾಕಿ ಅಳೆದಾಗ ಎಲ್ಲರದೂ ಹತ್ತಿರ ಹತ್ತಿರ ಬಂತು.

ಆದ್ದರಿಂದ ಟೇಪು ಎಚ್ಚರಿಕೆಯ ಗಂಟೆ ಮಾತ್ರ. ತೀರ್ಪು ಕೊಡಲು ಮಗುವಿನ ತೂಕ, ಉದ್ದ, ಹಸಿವು, ಪಾದದ ಬಾವು ಎಲ್ಲವನ್ನೂ ನೋಡಬೇಕು. ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಕೆಲಸ. ಆಶಾ ಗಂಟೆ ಬಾರಿಸಿದ್ದಾಳೆ, ಅಷ್ಟಕ್ಕೆ ಅವಳ ಕೆಲಸ ಸರಿಯಾಗಿದೆ.

ಇನ್ನು "ಹತ್ತನೇ ಕ್ಲಾಸ್ ಓದಿದವಳು" ಎಂಬ ಮಾತು. ಇದನ್ನು ಓದಿದವರ ಬಾಯಿಂದಲೂ ಕೇಳಿದ್ದೇನೆ, ಆಸ್ಪತ್ರೆಯೊಳಗಿನವರ ಬಾಯಿಂದಲೂ ಕೇಳಿದ್ದೇನೆ. ಆಶಾ ಎಂದರೆ ನರ್ಸ್ ಅಲ್ಲ, ಆಗಬೇಕಾಗಿಯೂ ಇಲ್ಲ. 2005ರಲ್ಲಿ ಈ ಯೋಜನೆ ಶುರುವಾದಾಗಿನಿಂದ ಇರುವ ಲೆಕ್ಕ ಸುಮಾರು ಸಾವಿರ ಜನಸಂಖ್ಯೆಗೆ ಒಬ್ಬಳು, ಅದೇ ಊರಿನ ಸೊಸೆ ಅಥವಾ ಮಗಳು. ಅವಳ ಬಂಡವಾಳ ಡಿಗ್ರಿ ಅಲ್ಲ, ನಿಮ್ಮ ಮನೆಯ ಕಟ್ಟೆ ಮೇಲೆ ಕೂತುಕೊಳ್ಳುವ ಸಲುಗೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡುವುದು, ಮೈ ಬೆಚ್ಚಗಿದೆಯೇ, ಹೊಕ್ಕಳು ಒಣಗಿದೆಯೇ, ಹಾಲು ಹಿಡಿಯುತ್ತಿದೆಯೇ ಎಂದು ಪರೀಕ್ಷಿಸುವುದು ಅವಳ ಪಾಳಿ. ಆಮೇಲೆ 3, 6, 9, 12, 15 ತಿಂಗಳಿಗೆ ಮತ್ತೆ ಐದು ಭೇಟಿ. ಈ ಎರಡನೆಯದು 2018ರಲ್ಲಿ ಸೇರಿದ್ದು.

ಹಳ್ಳಿಯ ಹೆಣ್ಣುಮಗಳಿಗೆ ಇಷ್ಟು ನಂಬಿ ಕೊಡಬಹುದೇ ಎಂಬ ಅನುಮಾನ ಹಳೆಯದು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ 1990ರ ದಶಕದಲ್ಲಿ 39 ಹಳ್ಳಿಗಳಲ್ಲಿ ಊರಿನ ಹೆಣ್ಣುಮಕ್ಕಳಿಗೇ ನವಜಾತ ಶಿಶುವಿನ ಆರೈಕೆ ಕಲಿಸಿದರು. ಮೂರನೇ ವರ್ಷಕ್ಕೆ ಅಲ್ಲಿ ಮೊದಲ 28 ದಿನದ ಶಿಶುಮರಣ, ಹೋಲಿಕೆಗೆ ಇಟ್ಟುಕೊಂಡಿದ್ದ ಹಳ್ಳಿಗಳಿಗಿಂತ 62 ಪ್ರತಿಶತ ಕಡಿಮೆಯಾಗಿತ್ತು. 1999ರಲ್ಲಿ ಅದು ಪ್ರಕಟವಾಯಿತು. ಈಗ ನಮ್ಮ ಆಶಾಗಳು ಮಾಡುವ ಮನೆಭೇಟಿಯ ಬೇರು ಅಲ್ಲಿದೆ.

ಕಮಿಷನ್ ಮಾತು ಅರ್ಧ ನಿಜ, ಅದನ್ನು ಮುಚ್ಚಿಡುವುದಿಲ್ಲ. ಆಶಾಗಳಿಗೆ ಪೂರ್ಣ ಸಂಬಳ ಇಲ್ಲ. ರಾಜ್ಯದಿಂದ ಬರುವ ಗೌರವಧನದ ಮೇಲೆ, ಮಾಡಿದ ಕೆಲಸಕ್ಕೆ ಇಷ್ಟು ಎಂದು ಪ್ರೋತ್ಸಾಹಧನ ಸಿಗುತ್ತದೆ. 3ರಿಂದ 15 ತಿಂಗಳವರೆಗಿನ ಐದು ಭೇಟಿಗೆ, ಭೇಟಿಗೆ 50ರಂತೆ, ಒಟ್ಟು 250 ರೂಪಾಯಿ. ಮಗುವನ್ನು ಕಳಿಸಿದ್ದಕ್ಕೂ ಸಣ್ಣ ಮೊತ್ತ ಇದೆ. ಆದರೆ ನಿಮ್ಮ ಹೆಂಡತಿ ಮಗುವಿನ ಜೊತೆ ಅವಳೂ ಕುಷ್ಟಗಿಗೆ, ಅಲ್ಲಿಂದ ಕೊಪ್ಪಳಕ್ಕೆ ಬಂದು, ಚೀಟಿ ಮಾಡಿಸಿ, ಸಂಜೆ ಬಸ್ಸಿಗೆ ತಿರುಗಿ ಹೋದರೆ ಆ ದಿನದ ಹತ್ತಿ ಬಿಡಿಸುವ ಕೂಲಿ ಅವಳಿಗೂ ತಪ್ಪುತ್ತದೆ. ಇದರಲ್ಲಿ ಲಾಭ ಮಾಡಿಕೊಂಡವಳನ್ನು ನಾನಂತೂ ಕಂಡಿಲ್ಲ. ಲಾಭವಿದ್ದಿದ್ದರೆ 2025ರ ಜನವರಿ ಚಳಿಯಲ್ಲಿ ಅವರೆಲ್ಲ ಗೌರವಧನ ಹೆಚ್ಚಿಸಿ ಎಂದು ಧರಣಿ ಕೂತು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಬೇಕಾಗಿರಲಿಲ್ಲ. ಅದಕ್ಕಿಂತ ಮುಖ್ಯ, ಆಶಾ ಕಳಿಸಿದಳು ಎಂದ ಮಾತ್ರಕ್ಕೆ ಯಾರೂ ದಾಖಲು ಮಾಡಿಕೊಳ್ಳುವುದಿಲ್ಲ. ಅಲ್ಲಿ ಮತ್ತೆ ತೂಗುತ್ತಾರೆ, ಮತ್ತೆ ಅಳೆಯುತ್ತಾರೆ. ದಾಖಲು ಬೇಕಿಲ್ಲದ ಮಗುವನ್ನು ವಾಪಸ್ ಕಳಿಸುತ್ತಾರೆ.

ಎಲ್ಲ ಆಶಾಗಳೂ ಒಂದೇ ತೂಕದವರು ಎಂದು ನಾನು ಹೇಳುತ್ತಿಲ್ಲ. ಮನೆಗೆ ಬಾರದೆಯೇ ರಿಜಿಸ್ಟರಿನಲ್ಲಿ ಭೇಟಿ ತುಂಬಿದ್ದನ್ನೂ ನೋಡಿದ್ದೇನೆ. ಅಂಥದ್ದೇನಾದರೂ ಇದ್ದರೆ ತಾಯಿ ಕಾರ್ಡ್ ತೆಗೆದು ನೋಡಿ, ಬಂದ ದಿನ, ತೂಗಿದ ತೂಕ ಅಲ್ಲಿ ಇರಬೇಕು. ನಿಮ್ಮವಳ ವಿಷಯದಲ್ಲಿ ಆ ಅನುಮಾನಕ್ಕೆ ಜಾಗವಿಲ್ಲ. ಮನೆಗೇ ಬಂದು, ತೋಳು ಅಳೆದು, ಮೊದಲು ಎಚ್ಚರಿಸಿದವಳೇ ಅವಳು.

ಈಗ ಆ ಸಾಲಿಗೆ ಬರೋಣ. ಹೆಣ್ಣುಮಗು ಎಂಟನೇ ತಿಂಗಳಿಂದ ಹತ್ತನೇ ತಿಂಗಳಿಗೆ ಬರುವಾಗ ಸುಮಾರು ಅರ್ಧ ಕೆಜಿ ಏರಬೇಕು. ನಿಮ್ಮ ಮಗಳು ಏರಿದ್ದು 100 ಗ್ರಾಂ. ಉಚ್ಚೆ ಹೊಯ್ಯುವ ಮೊದಲು ತೂಗಿದರು, ಆಮೇಲೆ ತೂಗಿದರು ಎಂದರೂ ಅಷ್ಟು ವ್ಯತ್ಯಾಸ ಬರುತ್ತದೆ, ಅಂದರೆ ಏರಿಯೇ ಇಲ್ಲ ಎಂದುಕೊಳ್ಳಿ. ಹತ್ತು ತಿಂಗಳ ಹೆಣ್ಣುಮಗುವಿಗೆ ನಡುಮಟ್ಟದ ತೂಕ 8.5 ಕೆಜಿ. 6.7ರ ಕೆಳಗೆ ಹೋದರೆ ಕಡಿಮೆ ತೂಕ, 5.9ರ ಕೆಳಗೆ ತೀವ್ರ ಕಡಿಮೆ. ನಿಮ್ಮ ಮಗಳು ಆ ಕೊನೆಯ ಗೆರೆಗೆ 200 ಗ್ರಾಂ ದೂರದಲ್ಲಿದ್ದಾಳೆ. ನಾಲ್ಕು ದಿನ ಭೇದಿಯಾದರೆ ಆ 200 ಗ್ರಾಂ ಹೋಗುತ್ತದೆ.

"ನಮ್ಮ ಮನೆತನನ ಹಂಗ" ಎಂಬ ಮಾತನ್ನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ನಿಮ್ಮ ಅವ್ವನ ಅನುಭವ ಸುಳ್ಳಲ್ಲ, ನೀವೂ ಸಣ್ಣಗಿದ್ದಿರಬಹುದು. ಆದರೆ ಆಗ ನಿಮಗೂ ಹೊಟ್ಟೆಗೆ ಸಾಲದೇ ಇದ್ದಿರಬಹುದಲ್ಲ? ಮನೆತನದಿಂದ ಎತ್ತರ ಬರುತ್ತದೆ, ಬಣ್ಣ ಬರುತ್ತದೆ. ಹತ್ತು ತಿಂಗಳ ಕೂಸಿನ ತೋಳು ಬತ್ತುವುದು ಮನೆತನದಿಂದ ಬರುವುದಿಲ್ಲ. ಈ ತೂಕದ ಗೆರೆಗಳಿರುವ ಬೆಳವಣಿಗೆಯ ಚಾರ್ಟು ಪರದೇಶದ ಮಕ್ಕಳದ್ದು, ನಮ್ಮವರಿಗೆ ಹೊಂದುವುದಿಲ್ಲ ಅನ್ನುವವರೂ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಆ ಚಾರ್ಟು ಹೊರತಂದಾಗ ಆರು ದೇಶಗಳ ಮಕ್ಕಳನ್ನು ಅಳೆದಿತ್ತು, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು. ಚೆನ್ನಾಗಿ ಉಂಡ ಮಕ್ಕಳು ಐದು ವರ್ಷದವರೆಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂದೇ ಅದು ತೋರಿಸಿದ್ದು.

ನೆದರ ತೆಗೆಯುವುದಾದರೆ ತೆಗೆಯಲಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಮಗುವಿಗೆ ನಷ್ಟವಿಲ್ಲ, ಅವ್ವನ ಮನಸ್ಸಿಗೆ ಸಮಾಧಾನ. ಅಂಥ ವಿಷಯಕ್ಕೆ ನಾನು ಅಜ್ಜಿಯರ ಜೊತೆ ವಾದಕ್ಕೆ ಇಳಿಯುವುದಿಲ್ಲ. ಬರೆ ಮಾತ್ರ ಬೇಡವೇ ಬೇಡ. ಅಗರಬತ್ತಿಯಿಂದ ಇರಲಿ, ಕಾಯಿಸಿದ ಬಳೆಚೂರಿನಿಂದ ಇರಲಿ, ಸೊರಗಿದ ಮಗುವಿನ ಹೊಟ್ಟೆಯ ಚರ್ಮ ಸುಟ್ಟರೆ ಆ ಗಾಯದಿಂದ ನಂಜು ರಕ್ತಕ್ಕೆ ಇಳಿಯುತ್ತದೆ. ಅದನ್ನು ತಡೆಯುವ ಕಸುವು ಅಂಥ ಮೈಯಲ್ಲಿ ಇರುವುದಿಲ್ಲ. ಭೇದಿಗೆಂದು ಬಂದು, ಬರೆಯ ನಂಜಿನಿಂದ ಹೋದ ಕೂಸನ್ನು ನನ್ನ ಕೈಯಲ್ಲೇ ಕಂಡಿದ್ದೇನೆ. ಓಣಿಯಲ್ಲಿ ಯಾರು ಏನೇ ಹೇಳಲಿ, ಇವತ್ತೇ ಫೋನ್ ಮಾಡಿ ಅವ್ವನಿಂದ ಮಾತು ತೆಗೆದುಕೊಳ್ಳಿ.

ಹಾಗಾದರೆ ತೂಕ ಯಾಕೆ ನಿಂತಿತು? ನೋಡದೆ ಹೇಳುವುದು ಕಷ್ಟ, ಆದರೆ ಪತ್ರದಲ್ಲೇ ಸುಳಿವಿದೆ. ಈಗ ಹತ್ತಿ ಸುಗ್ಗಿ. ತಾಯಿ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತಿದರೆ ತಿರುಗಿ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಮಗು ಎದೆ ಹಾಲಿಲ್ಲದೆ ಅಜ್ಜಿಯ ಕೈಯಲ್ಲಿ. ಅಜ್ಜಿ ಪ್ರೀತಿಯಿಂದಲೇ ತಿನ್ನಿಸುತ್ತಾರೆ, ಆದರೆ ಏನು ತಿನ್ನಿಸುತ್ತಾರೆ ಎಂಬುದು ಪ್ರಶ್ನೆ.

ಲಿಂಗಸುಗೂರು ಕಡೆ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಆಶಾ ಜೊತೆ ಹೋಗಿದ್ದೆ. ಅವಳು ಬಂದವಳೇ ಮಗುವಿನ ತೂಕ ಕೇಳಲಿಲ್ಲ, ಏನು ತಿನ್ನಿಸುತ್ತೀರಿ ಎಂದೂ ಕೇಳಲಿಲ್ಲ. "ಆಯಿ, ಕೂಸಿಗೆ ಈಗ ಉಣ್ಣಸೂ ಹೊತ್ತಲ್ಲ? ಉಣ್ಣಸ್ರಿ, ನಾ ಕುಂದರ್ತೀನಿ" ಎಂದು ಗೋಡೆಗೆ ಒರಗಿ ಕೂತಳು. ಅಜ್ಜಿ ಸ್ಟೀಲ್ ಬಟ್ಟಲಲ್ಲಿ ಬೇಳೆಯ ತಿಳಿ ತಂದರು. ಆಶಾ ಚಮಚೆ ಇಸಿದುಕೊಂಡು ಬಟ್ಟಲಲ್ಲಿ ಅದ್ದಿ ಓರೆ ಮಾಡಿದಳು, ತಿಳಿ ನೀರಿನಂತೆ ಸುರಿಯಿತು. ಒಲೆಯ ಮೇಲಿನ ಗಡಿಗೆಯ ತಳದಲ್ಲಿ ಬೆಂದ ಬೇಳೆ ಹಾಗೇ ಕೂತಿತ್ತು. ಅದರಲ್ಲಿ ಎರಡು ಚಮಚೆ ತೆಗೆದು, ಅರ್ಧ ರೊಟ್ಟಿ ಮುರಿದು ಹಾಕಿ, ಕಿವುಚಿ, ಮೇಲೆ ಸಣ್ಣ ಚಮಚೆ ಶೇಂಗಾ ಎಣ್ಣೆ ಬಿಟ್ಟಳು. ಮತ್ತೆ ಚಮಚೆ ಓರೆ ಮಾಡಿದರೆ ಈ ಸಲ ಬೀಳಲಿಲ್ಲ, ಅಂಟಿಕೊಂಡಿತು. "ಚಮಚೆದಾಗ ನಿಂತರ ಹೊಟ್ಯಾಗ ನಿಲ್ಲತೈತಿ ಆಯಿ" ಅಂದಳು. ನನ್ನ ಅಷ್ಟು ವರ್ಷದ ಓದಿನಲ್ಲಿ ಇಷ್ಟು ಸಲೀಸಾಗಿ ಯಾರೂ ಹೇಳಿಕೊಟ್ಟಿರಲಿಲ್ಲ.

ಲೆಕ್ಕ ಇಷ್ಟೇ. ಎದೆ ಹಾಲಿನ ಜೊತೆಗೆ, 9ರಿಂದ 11 ತಿಂಗಳ ಮಗುವಿಗೆ ಹೊರಗಿನ ಆಹಾರದಿಂದ ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕು. ಅದರ ಹೊಟ್ಟೆ ಪುಟ್ಟದು. ತಿಳಿ ಕುಡಿಸಿದರೆ ಹೊಟ್ಟೆ ತುಂಬುತ್ತದೆ, ಮಗು ಮುಖ ತಿರುಗಿಸುತ್ತದೆ, "ಉಂಡೈತಿ" ಅಂದುಕೊಳ್ಳುತ್ತೇವೆ. ಒಂದು ಸಣ್ಣ ಚಮಚೆ, ಅಂದರೆ 5 ಮಿಲಿ ಎಣ್ಣೆಯಲ್ಲೇ 45 ಕ್ಯಾಲೊರಿ ಇದೆ. ಈ ವಯಸ್ಸಿಗೆ ದಿನಕ್ಕೆ ಮೂರು ನಾಲ್ಕು ಸಲ, ಸಲಕ್ಕೆ ಅರ್ಧ ಬಟ್ಟಲು ಗಟ್ಟಿ ಊಟ, ನಡುವೆ ಒಂದೆರಡು ಸಲ ಬಾಳೆಹಣ್ಣು ಅಥವಾ ಅಂಥದ್ದೇನಾದರೂ. ಜೋಳದ ರೊಟ್ಟಿ, ಹೆಸರುಬೇಳೆ, ಬೆಲ್ಲ, ನುಣ್ಣಗೆ ಪುಡಿ ಮಾಡಿದ ಶೇಂಗಾ, ಬೇಯಿಸಿದ ತತ್ತಿ ಎಲ್ಲ ನಿಮ್ಮ ಮನೆಯಲ್ಲೇ ಇರುತ್ತವೆ. ಶೇಂಗಾ ಕಾಳು ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕುತ್ತದೆ. ಚಹಾದಲ್ಲಿ ಅದ್ದಿದ ಬಿಸ್ಕೀಟು ನಿಲ್ಲಿಸಿ. ಚಹಾ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ, ಬಿಸ್ಕೀಟಿನ ಸಿಹಿ ಹಸಿವು ಕೊಲ್ಲುತ್ತದೆ. ಅಂಗನವಾಡಿಯಿಂದ ಬರುವ ಪುಷ್ಟಿ ಪುಡಿ ಎಲ್ಲಿ ಹೋಗುತ್ತಿದೆ ಎಂದು ಒಮ್ಮೆ ವಿಚಾರಿಸಿ. ಮನೆಮಂದಿಗೆಲ್ಲ ಹಂಚಿಹೋಗಿ ಮಗುವಿನ ಪಾಲಿಗೆ ಎರಡು ದಿನದ್ದು ಉಳಿದಿರುವುದೇ ಹೆಚ್ಚು. ಕೆಲವು ಕಡೆ ಎಮ್ಮೆಯ ಪಾಲೂ ಇರುತ್ತದೆ.

"ಹಾಲು ತೆಳ್ಳಗಾಗೈತಿ, ಬಿಡಿಸಿಬಿಡು" ಅಂತ ಯಾರಾದರೂ ಹೇಳುತ್ತಿದ್ದರೆ ಕೇಳಬೇಡಿ. ಹಾಲು ಕೆಡುವುದಿಲ್ಲ. ಹಗಲೆಲ್ಲ ಕುಡಿಯದಿದ್ದರೆ ಬರುವುದು ಕಡಿಮೆಯಾಗುತ್ತದೆ, ಅಷ್ಟೆ. ಕೆಲಸಕ್ಕೆ ಹೊರಡುವ ಮುಂಚೆ, ಬಂದ ತಕ್ಷಣ, ರಾತ್ರಿ ಬೇಕೆಂದಾಗ ಕುಡಿಸಲಿ.

ಊಟವೊಂದೇ ಕಾರಣ ಅಲ್ಲದೆಯೂ ಇರಬಹುದು. ಮೇಲಿಂದ ಮೇಲೆ ಭೇದಿ, ಜ್ವರ ಬರುತ್ತಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕೂ ಮೇಲ್ಪಟ್ಟು ಕೆಮ್ಮು ಇದೆಯೇ? ಇದ್ದರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ, ಟಿಬಿ ಪರೀಕ್ಷೆ ಬೇಕಾಗುತ್ತದೆ. ಸೊರಗಿದ ಕೂಸುಗಳಲ್ಲಿ ಅದು ಕೆಮ್ಮಿಲ್ಲದೆಯೂ ಅಡಗಿರುತ್ತದೆ.

ನಿಮ್ಮ ಮುಂದಿರುವ ದಾರಿಗಳ ವಿಷಯ. ಮೊದಲು ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ತೂಕ, ಉದ್ದ, ತೋಳು ಮೂರನ್ನೂ ಮತ್ತೆ ಅಳೆಯಲಿ. ಎರಡು ಪಾದದ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಬಿಟ್ಟರೆ ಕುಳಿ ಹಾಗೇ ಉಳಿಯುತ್ತದೆಯೇ ಎಂದು ನೋಡುತ್ತಾರೆ. ಎರಡೂ ಪಾದದಲ್ಲಿ ಕುಳಿ ಬಿದ್ದರೆ ಟೇಪು ಯಾವ ಬಣ್ಣವಿದ್ದರೂ ದಾಖಲು ಮಾಡಲೇಬೇಕು. ಇದನ್ನು ಹೇಳಲು ಕಾರಣವಿದೆ. ಬಾವು ಬಂದ ಮಗುವನ್ನು ನೋಡಿ ಮನೆಯವರು "ಈಗ ಮೈ ಬಂದೈತಿ" ಎಂದು ಖುಷಿಪಡುವುದುಂಟು.

ತೋಳು ನಿಜವಾಗಿ ಕೆಂಪಿನಲ್ಲೇ ಇದ್ದರೆ ಅಥವಾ ಉದ್ದಕ್ಕೆ ತಕ್ಕ ತೂಕ ತೀರಾ ಕಡಿಮೆ ಎಂದು ಬಂದರೆ, ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ, ಎಲ್ಲರೂ ಎನ್‌ಆರ್‌ಸಿ ಅನ್ನುವ ವಾರ್ಡಿಗೆ, ಕರೆದೊಯ್ಯಿರಿ ಎಂದೇ ನನ್ನ ಸಲಹೆ. ಇಷ್ಟು ಸೊರಗಿದ ಮಗು ಸಾಯುವ ಅಪಾಯ, ಚೆನ್ನಾಗಿರುವ ಮಗುವಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು. ಹೆದರಿಸಲು ಹೇಳುತ್ತಿಲ್ಲ. ಅಳದೆ ಸುಮ್ಮನೆ ಮಲಗಿರುವ ಮಗುವನ್ನು "ಶಾಣ್ಯಾ ಕೂಸು, ಕಾಡೂದಿಲ್ಲ" ಅನ್ನುವ ಮನೆಗಳನ್ನು ಕಂಡು ಹೇಳುತ್ತಿದ್ದೇನೆ.

ಅಲ್ಲಿ ಹದಿನಾಲ್ಕು ದಿನ ಏನು ಮಾಡುತ್ತಾರೆ ಎಂಬುದು ಊರಲ್ಲಿ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಸೂಜಿ ಸಲೈನು ಹಾಕುತ್ತಾ ಮಲಗಿಸುತ್ತಾರೆ ಎಂದು ತಿಳಿದಿರುತ್ತಾರೆ. ನಿಜದಲ್ಲಿ ಅದು ಅರ್ಧ ವಾರ್ಡು, ಅರ್ಧ ಅಡುಗೆಮನೆ. ಮೊದಲ ದಿನಗಳಲ್ಲಿ ಹಾಲು, ಸಕ್ಕರೆ, ಎಣ್ಣೆ, ಮಂಡಾಳಿನ (ಮಂಡಕ್ಕಿ) ಹಿಟ್ಟು ಕಲಸಿದ ತೆಳು ಆಹಾರವನ್ನು ಎರಡು ಎರಡು ತಾಸಿಗೆ, ರಾತ್ರಿಯೂ ಎಬ್ಬಿಸಿ, ಅಳತೆ ಮಾಡಿ ಕೊಡುತ್ತಾರೆ. ನೂರು ಮಿಲಿಯಲ್ಲಿ 75 ಕ್ಯಾಲೊರಿ ಇರುತ್ತದೆ. ಮಗು ಚೇತರಿಸಿಕೊಂಡ ಮೇಲೆ ಅದನ್ನು 100ಕ್ಕೆ ಏರಿಸುತ್ತಾರೆ. ಯಾಕಿಷ್ಟು ನಾಜೂಕು ಎಂದರೆ, ತೀರಾ ಸೊರಗಿದ ಮಗುವಿಗೆ ಒಮ್ಮೆಲೇ ತುಪ್ಪ, ಹಾಲು, ತತ್ತಿ ತುರುಕಿದರೆ ಹೃದಯ ತಾಳುವುದಿಲ್ಲ. ಕೆಂಪು ಎಂದು ಖಾತ್ರಿಯಾದ ಮಗುವನ್ನು ಮನೆಯಲ್ಲೇ "ಚಲೋತ್ನಾಗ ಉಣಸ್ತೀವಿ" ಅನ್ನುವುದರಲ್ಲಿರುವ ಅಪಾಯ ಇದೇ. ಕಬ್ಬಿಣದ ಸಿರಪ್ಪನ್ನೂ ಅಂಥ ಮಗುವಿಗೆ ತೂಕ ಏರತೊಡಗಿದ ಮೇಲೆಯೇ ಶುರು ಮಾಡುತ್ತಾರೆ. ಆಶಾ ಕೊಟ್ಟ ಬಾಟಲಿ ಮನೆಯಲ್ಲಿದ್ದರೆ ಡಾಕ್ಟರು ಹೇಳುವವರೆಗೆ ಬದಿಗಿಡಿ.

ದಿನಾ ಬೆಳಿಗ್ಗೆ ತೂಗುತ್ತಾರೆ. ಪ್ರತಿ ಕೆಜಿಗೆ ದಿನಕ್ಕೆ 10 ಗ್ರಾಂ ಏರಿದರೆ ಚೆನ್ನಾಗಿ ಏರುತ್ತಿದೆ ಎಂದರ್ಥ. ನಿಮ್ಮ ಮಗಳ ಲೆಕ್ಕಕ್ಕೆ ದಿನಕ್ಕೆ 60 ಗ್ರಾಂ. ಎರಡು ತಿಂಗಳಲ್ಲಿ ಏರದ ತೂಕ ಎರಡು ದಿನದಲ್ಲಿ ಏರುವುದನ್ನು ತಾಯಿ ಕಣ್ಣಾರೆ ನೋಡುತ್ತಾಳೆ. ಅಡುಗೆ ಮಾಡುವುದನ್ನು ಅವಳ ಕೈಯಲ್ಲೇ ಮಾಡಿಸುತ್ತಾರೆ.

ತೊಂದರೆಗಳೂ ಇವೆ. ತಾಯಿಗೆ ಊಟ, ಮಗುವಿಗೆ ಔಷಧ ಉಚಿತ, ಕೂಲಿ ನಷ್ಟಕ್ಕೆ ದಿನದ ಲೆಕ್ಕದಲ್ಲಿ ಪರಿಹಾರವೂ ಇದೆ. ಆದರೆ ಅದು ಹತ್ತಿ ಸುಗ್ಗಿಯ ಕೂಲಿಗೆ ಸಮವಲ್ಲ, ಬ್ಯಾಂಕ್ ಖಾತೆಗೆ ಬರುವುದೂ ತಡವಾಗಬಹುದು. ಆಧಾರ್, ಪಾಸ್‌ಬುಕ್ ಮೊದಲ ದಿನವೇ ಕೊಡಿ. ಪಕ್ಕದ ಮಗುವಿನ ಕೆಮ್ಮು ಶೀತ ತಗಲುವ ಸಾಧ್ಯತೆ ಇದೆ, ಕೈ ತೊಳೆಯುವುದು ಬಿಡಬಾರದು. ಎಲ್ಲಕ್ಕಿಂತ ದೊಡ್ಡ ತೊಂದರೆ, ಐದಾರು ದಿನಕ್ಕೆ ಮಗು ಸ್ವಲ್ಪ ನಗಲು ಶುರುವಾದ ಕೂಡಲೇ ತಾಯಂದಿರು ಗಂಟು ಕಟ್ಟುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ, ಮನೆಯಲ್ಲಿ ಇನ್ನೊಂದು ಮಗು ಅಳುತ್ತಿರುತ್ತದೆ. ಆದರೆ ಅರ್ಧಕ್ಕೆ ಹೋದ ಮಗು ತಿಂಗಳೊಳಗೆ ಮತ್ತೆ ಅಲ್ಲಿಗೇ ಬರುತ್ತದೆ, ಬಂದರೆ ಅದೃಷ್ಟ.

ದೊಡ್ಡವನನ್ನು ನೋಡುವವರು ಯಾರು ಎಂದು ಬರೆದಿದ್ದೀರಿ. ಪತ್ರದಲ್ಲಿ ಎಲ್ಲರ ಲೆಕ್ಕವೂ ಇದೆ, ನಿಮ್ಮದೊಂದು ಬಿಟ್ಟು. ಎದೆ ಹಾಲು ಕುಡಿಯುವ ಮಗುವಿನ ಜೊತೆ ತಾಯಿಯೇ ಇರಬೇಕು. ಹಗಲು ದೊಡ್ಡವನು ಅಂಗನವಾಡಿಗೆ ಹೋಗುತ್ತಾನೆ, ಉಳಿದ ಹೊತ್ತಿಗೆ ಅವ್ವ ಇದ್ದಾರೆ. ಮೇಸ್ತ್ರಿಗೆ ಹೇಳಿ ನೀವು ಹದಿನೈದು ದಿನ ಊರಿಗೆ ಬಂದರೆ ಇಬ್ಬರಿಗೂ ಹೊರೆ ಇಳಿಯುತ್ತದೆ. ಜಾತ್ರೆಗೆ, ಮದುವೆಗೆ ಬರುತ್ತೀರಲ್ಲ, ಹಾಗೆಂದುಕೊಳ್ಳಿ.

ಮತ್ತೆ ಅಳೆದಾಗ ಹಳದಿಯೇ ಖಾತ್ರಿಯಾಗಿ, ಉದ್ದಕ್ಕೆ ತಕ್ಕ ತೂಕವೂ ತೀರಾ ಕಡಿಮೆಯಿಲ್ಲದೆ, ಬಾವು ಜ್ವರ ಭೇದಿ ಇಲ್ಲದೆ, ಕೊಟ್ಟದ್ದನ್ನು ಮಗು ಆಸೆಯಿಂದ ತಿನ್ನುತ್ತಿದ್ದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಆಗ ಮೇಲೆ ಹೇಳಿದ ಗಟ್ಟಿ ಊಟ, ಮೊಟ್ಟಮೊದಲಿಗೆ ಅಜ್ಜಿಗೆ ಅದನ್ನು ಕಲಿಸುವುದು, ಮತ್ತು ವಾರಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಕ. ಎರಡು ವಾರ ತೂಕ ಏರದಿದ್ದರೆ ಮೂರನೆಯದಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ಈ ದಾರಿಯ ಅಪಾಯ, ಸುಗ್ಗಿಯ ಗಡಿಬಿಡಿಯಲ್ಲಿ ವಾರ ಜಾರಿ ತಿಂಗಳಾಗುವುದು. ಇಲ್ಲಿ ಆಶಾ ನಿಮಗೆ ನಿಜವಾಗಿ ಬೇಕು. ಊಟದ ಹೊತ್ತಿಗೆ ಬಂದು ಕೂರಲು ಹೇಳಿ, ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಮೆಡಿಕಲ್ ಶಾಪಿನ ಟಾನಿಕ್ಕು, ಡಬ್ಬಿ ಪುಡಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟಾನಿಕ್ಕಿನಲ್ಲಿ ಊಟ ಇಲ್ಲ. ಡಬ್ಬಿ ದುಬಾರಿಯಾದ್ದರಿಂದ ಎರಡು ಚಮಚೆಯ ಕಡೆ ಒಂದು ಹಾಕಿ ನೀರು ಹೆಚ್ಚಿಸುತ್ತಾರೆ, ಆಗ ಅದೂ ತಿಳಿಯೇ.

ಕಾಯಲೇಬಾರದ ಸಂದರ್ಭ ಗೊತ್ತಿರಲಿ. ಮಗು ಹಾಲು ಹಿಡಿಯದಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಪರಿನಲ್ಲೇ ಇದ್ದರೆ, ಮೈ ತಣ್ಣಗಾದರೆ, ಉಸಿರು ನಿಮಿಷಕ್ಕೆ 50 ಅಥವಾ ಅದಕ್ಕೂ ಹೆಚ್ಚಾಗಿ ಪಕ್ಕೆ ಒಳಗೆ ಎಳೆಯುತ್ತಿದ್ದರೆ, ರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ಹೊರಡಬೇಕು.

ಎಲ್ಲರನ್ನೂ ಬೆಂಗಳೂರಿಗೆ ಕರೆಸಿಕೊಳ್ಳುವುದು ಈಗ ಬೇಡ. ಗುಳೆ ಹೋದ ಮಗು ಊರಿನ ರಿಜಿಸ್ಟರಿನಲ್ಲಿ "ಊರಲ್ಲಿ ಇಲ್ಲ" ಎಂದಾಗುತ್ತದೆ, ಅಲ್ಲಿಯ ಶೆಡ್ಡಿನಲ್ಲಿ ಅವಳನ್ನು ಹುಡುಕಿಕೊಂಡು ಟೇಪು ಹಿಡಿದು ಬರುವವರು ಯಾರೂ ಇರುವುದಿಲ್ಲ. ಮಗಳು ಹಸಿರಿಗೆ ಬಂದ ಮೇಲೆ ಕರೆಸಿಕೊಳ್ಳುವುದಾದರೆ ತಾಯಿ ಕಾರ್ಡ್ ಬಟ್ಟೆಗಂಟಿನಲ್ಲಿ ಮೊದಲು ಇರಲಿ. ಅದನ್ನು ತೋರಿಸಿದರೆ ಲಸಿಕೆಯೂ ಅಂಗನವಾಡಿಯೂ ಅಲ್ಲಿ ಸಿಗುತ್ತವೆ. ಹೋಗುವ ದಿನ ಊರಿನ ಆಶಾಗೆ ನಿಮ್ಮ ನಂಬರ್ ಕೊಟ್ಟು ಹೋಗಿ.

ಅಂದಹಾಗೆ, ಒಂಬತ್ತು ತಿಂಗಳಿಗೆ ಹಾಕಬೇಕಾದ ದಡಾರ-ರುಬೆಲ್ಲಾ ಲಸಿಕೆ ಮತ್ತು ವಿಟಮಿನ್ ಎ ಆಗಿದೆಯೇ ಎಂದು ನೀವು ಬರೆದಿಲ್ಲ. ಸೊರಗಿದ ಮಗುವಿಗೆ ದಡಾರ ಬಂದರೆ ತಡೆದುಕೊಳ್ಳುವುದು ಕಷ್ಟ, ತೂಕ ಕಡಿಮೆ ಇದೆ ಎಂದು ಲಸಿಕೆ ಮುಂದೂಡುವಂತೆಯೂ ಇಲ್ಲ. ಕಾರ್ಡಿನಲ್ಲಿ ಆ ಜಾಗ ಖಾಲಿ ಇದ್ದರೆ, ಆರೋಗ್ಯ ಕೇಂದ್ರಕ್ಕೆ ಲಸಿಕೆ ದಿನವಾದ ಈ ಗುರುವಾರವೇ ಹೋಗಲಿ. ಲಸಿಕೆ, ತೂಕ, ತೋಳು ಮೂರೂ ಒಂದೇ ಬಸ್ ಚಾರ್ಜಿನಲ್ಲಿ ಮುಗಿಯುತ್ತವೆ.